ಅಡಿವೆವ್ವನ ಕೈ

ಗುತ್ತೆಪ್ಪ ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಾಗ ಮಗಳು ವಿದ್ಯಾಳ ಫೋನು ಬಂತು. ತಿಳವಳ್ಳಿಯಲ್ಲಿ ಶಾಲೆ ಕಲಿಸುವ ಅವಳು ರಜೆ ಹಾಕಿ, ಬೆಳಗಿನ ಬಸ್ಸು ಹಿಡಿದು, ಹಿರೇಬೆಂಡಿಗೇರಿಗೆ ಬಂದು ಇವತ್ತು ಬಿತ್ತನೆಗೆ ನಿಲ್ಲಬೇಕಿತ್ತು. ಬಸ್ಸು ಹಾನಗಲ್ಲು ಮುಟ್ಟುವ ಮುಂಚೆಯೇ ಕೆಟ್ಟು ನಿಂತಿದೆಯಂತೆ. "ಡ್ರೈವರ ಇಳದು ಇಂಜಿನ್ ನೋಡಾಕತ್ತಾನಪ್ಪಾ. ಅವ ನೋಡೂ ರೀತಿ ನೋಡಿದ್ರ ಅದರಾಗೇನೋ ಮುತ್ತು ಹವಳ ಹುಡಕಾಕತ್ತಾನ ಅನ್ನಸ್ತೈತಿ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮೊದಲ ಸಾಲು ಈ ಸಲ ನೀನ ಬಿಡಪ್ಪಾ. ನನ್ನ ಕಾಯಬ್ಯಾಡ, ಮಣ್ಣಿನ ಹದ ಹೋಗಿಬಿಡ್ತೈತಿ," ಎಂದಳು. ಗುತ್ತೆಪ್ಪ ಹೂಂ ಎಂದ. ಅವನ ಹೂಂ ಒಪ್ಪಿಗೆಯಲ್ಲ, ಕೇಳಿಸಿಕೊಂಡೆ ಎಂಬುದಷ್ಟೇ ಎಂದು ಮಗಳಿಗೂ ಗೊತ್ತಿತ್ತು. ಅದಕ್ಕೇ ಅವಳು ಇನ್ನೊಂದು ಸಲ ಹೇಳದೆ ಫೋನು ಇಟ್ಟಳು.

ಗುಂಡಿ ಕಾಜಕ್ಕೆ ಹೋಗಲೊಲ್ಲದು. ನೆಟ್ಟಗೆ ನೋಡಿದರೆ ಅದು ಕಾಣುವುದೇ ಇಲ್ಲ. ಎರಡು ವರ್ಷದಿಂದ ಅವನ ಕಣ್ಣಿನ ನಟ್ಟನಡುವೆ ಒಂದು ಮಸುಕು ಕೂತಿದೆ. ಯಾವುದನ್ನು ನೋಡಬೇಕೆನ್ನುತ್ತಾನೋ ಅದೇ ಮಾಯವಾಗಿ ಅದರ ಆಜುಬಾಜು ಮಾತ್ರ ಕಾಣುತ್ತದೆ. ಹುಬ್ಬಳ್ಳಿಯ ಡಾಕ್ಟರು, ವಯಸ್ಸಾದ ಮೇಲೆ ಹೀಗೆಯೇ, ಆಪರೇಷನ್ನಿಗೆ ಬಗ್ಗುವ ಕಣ್ಣಲ್ಲ ಇದು ಎಂದಿದ್ದರು. ಗುತ್ತೆಪ್ಪನಿಗೆ ಅದರ ಬಗ್ಗೆ ಅಂಥ ದುಃಖವೇನೂ ಆಗಲಿಲ್ಲ. ನೋಡಬೇಕಾದ್ದಕ್ಕಿಂತ ಹೆಚ್ಚೇ ನೋಡಿಯಾಗಿದೆ ಅಂದುಕೊಂಡಿದ್ದ. ಕೈ ನಡುಗುವುದು ಮಾತ್ರ ಅವನಿಗೆ ನಾಚಿಕೆ ತರುತ್ತಿತ್ತು. ಶಿಗ್ಗಾಂವಿಯ ಹೋಟೆಲಿನಲ್ಲಿ ಚಹಾದ ಕಪ್ಪು ಎತ್ತಿದರೆ ಬಸಿಯೊಳಗೆ ಕುಣಿಯುತ್ತದೆ. ಪಕ್ಕದ ಮೇಜಿನವರು, ಇದೇ ಕೈ ಅಲ್ಲವೇ ವೀರಚಕ್ರ ತೊಗೊಂಡದ್ದು ಎಂದು ಮನಸ್ಸಿನಲ್ಲಿ ಅಂದುಕೊಳ್ಳುವುದು ಅವನ ಕಿವಿಗೆ ಕೇಳಿಸಿದಂತೆ ಆಗುತ್ತದೆ. ಗುಂಡಿಯನ್ನು ನೋಡುವುದು ಬಿಟ್ಟು ಕಿಟಕಿಯ ಕಡೆ ಮುಖ ಮಾಡಿದ. ಬೆರಳು ತಾವಾಗಿಯೇ ದಾರಿ ಹುಡುಕಿಕೊಂಡವು. ಹೊರಗೆ, ಬಿತ್ತಲು ಬಂದ ದ್ಯಾಮಪ್ಪನ ಎತ್ತಿನ ಗೆಜ್ಜೆ ಹೊಲದ ಕಡೆ ಹೋಗುವುದು ಕೇಳಿಸಿತು.

ಬಿತ್ತುವ ದಿನ ಮೊದಲ ಸಾಲಿಗೆ ಬೀಜ ಬಿಡುವವರು ಆ ಮನೆಯವರೇ ಆಗಬೇಕೆಂಬುದು ಈ ಸೀಮೆಯ ಕಟ್ಟು. ಎರಡನೆಯ ಸಾಲಿನಿಂದ ಬೇಕಾದರೆ ಕೂಲಿಯವರು ಹೊಲ ಮುಗಿಸಲಿ. ವಾಯುಪಡೆಯ ಚಾಕರಿ ಮುಗಿಸಿ ಊರಿಗೆ ಬಂದು ಈ ಹೊಲ ಕೊಂಡ ಲಾಗಾಯ್ತಿನಿಂದ ಆ ಸಾಲು ಹೆಂಡತಿ ಸಾವಕ್ಕನದು. ಅವಳು ಬೀಜದ ಉಡಿ ಕಟ್ಟಿಕೊಂಡು, ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತಿದ್ದರೆ ಅವನು ಬದುವಿನ ಮೇಲೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈ ಬೆನ್ನಿಗೆ ಕಟ್ಟಿ ನಿಲ್ಲುತ್ತಿದ್ದ. ಸಾಹೇಬರಿಗೆ ಮಣ್ಣು ಮುಟ್ಟುವುದೆಂದರೆ ಅಳುಕು ಎಂದು ಊರು ಅಂದುಕೊಂಡಿತು. ಅನ್ನಲಿ ಬಿಡು ಎಂದು ಅವನು ಸುಮ್ಮನಿದ್ದ. ಅಹಂಕಾರ ಎಂದರೆ ಜನರಿಗೆ ತಿಳಿಯುತ್ತದೆ, ಹೆದರಿಕೆ ಎಂದರೆ ಬಿಡಿಸಿ ಹೇಳಬೇಕಾಗುತ್ತದೆ. ಬಾಂಬು ಬಿಟ್ಟ ಕೈಯಿಂದ ಬೀಜ ಬಿಡುವುದು ಹೇಗೆ ಎಂದು ಯಾರನ್ನು ಕೇಳುವುದು? ಬಾಯಿಬಿಟ್ಟು ಕೇಳಿದರೆ ನಾಟಕದ ಮಾತಾಗುತ್ತದೆ. ಸಾವಕ್ಕ ಕೇಳಿರಲಿಲ್ಲ. ಕೇಳದೆಯೇ ಪ್ರತಿ ವರ್ಷ ಉಡಿ ಕಟ್ಟಿದಳು. ಹೋದ ಸಂಕ್ರಮಣದ ಹೊತ್ತಿಗೆ ಅವಳು ತೀರಿಕೊಂಡಾಗ, ಅಳುವ ಮಂದಿಯ ನಡುವೆ ಕೂತು ಗುತ್ತೆಪ್ಪನಿಗೆ ಮೊದಲು ನೆನಪಾದದ್ದು ಮಿರಗದ ಮಳೆಯ ಬಿತ್ತನೆ. ಆ ನೆನಪಿಗಾಗಿ ಅವನು ತನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ.

ಹೊಲದಲ್ಲಿ ದ್ಯಾಮಪ್ಪ ಕೂರಿಗೆ ಕಟ್ಟಿ ಮುಗಿಸಿದ್ದ. ಕೂರಿಗೆಯ ಬಟ್ಟಲಿಗೆ ಅರಿಸಿನ ಕುಂಕುಮ ಬಿದ್ದು, ಮೂರು ಬಿದಿರಿನ ಕೊಳವೆಗಳಿಗೆ ವಿಭೂತಿ ಬಳಿದಾಗಿತ್ತು. ಬೀಜ ಬಿಡಲು ಬಂದಿದ್ದ ಶಾಕೀರಾ ಸೀರೆ ಎತ್ತಿಕಟ್ಟಿ, ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹೆಸರುಕಾಳಿನ ಬೀಜದ ಚೀಲ ಅವಳ ಪಕ್ಕದಲ್ಲಿತ್ತು.

"ಏನ್ರಿ ವಿಮಾನದ ಸಾಹೇಬ್ರ, ಮಗಳೆಲ್ಲಿ? ನನ್ನ ಎತ್ತು ನಿಂತ ನಿಂತ ಗೊರಕಿ ಹೊಡ್ಯಾಕತ್ತಾವು," ಎಂದ ದ್ಯಾಮಪ್ಪ.

"ಬಸ್ಸು ಕೆಟ್ಟೈತಂತ. ಮೊದಲ ಸಾಲು ಶಾಕೀರಾ ಬಿಡಲಿ."

"ನಾ ಒಲ್ಲೆರಿ," ಶಾಕೀರಾ ಕೂತಲ್ಲಿಂದಲೇ ಕೈ ಅಲ್ಲಾಡಿಸಿದಳು. "ನಾಳಿ ಬೆಳಿ ಹೆಚ್ಚುಕಮ್ಮಿ ಆದ್ರ ಶಾಕೀರಾನ ಕೈಗುಣ ಅಂತ ಊರ ಮಂದಿ ನನ್ನ ಹುರದು ಮುಕ್ತಾರ. ಸಾವಕ್ಕ ಇದ್ದಾಗ ಒಂದ್ಸಲಾನೂ ಮೊದಲ ಸಾಲು ಮತ್ತೊಬ್ಬರಿಗೆ ಕೊಟ್ಟಾಕಿ ಅಲ್ಲ. ಮನಿಯವರ ಸಾಲು ಮನಿಯವರಿಗೇ ಇರಲಿ."

"ಹಂಗಾರ ಮಧ್ಯಾಹ್ನದ ತನಕ ಕಾಯೂಣು."

"ಹದ ಅಂದ್ರ ಅಳಿಯ ಅಲ್ರಿ, ಕೈಕಾಲು ಹಿಡದು ಕುಂದ್ರಸಾಕ," ಎಂದ ದ್ಯಾಮಪ್ಪ. ಒಂದು ಹೆಂಟೆ ಎತ್ತಿ ಮುಷ್ಟಿಯಲ್ಲಿ ಹಿಸುಕಿ ತೋರಿಸಿದ. ಅದು ಹಿಡಿದ ಹಾಗೆ ನಿಂತು, ಬೆರಳಿನಿಂದ ಮುಟ್ಟಿದಾಗ ಉದುರಿತು. "ಈಗ ಹಿಂಗೈತಿ. ಈ ಬಿಸಲಿಗೆ ಮಧ್ಯಾಹ್ನಕ್ಕ ಹಪ್ಪಳ ಆಕ್ಕೈತಿ. ಸಂಜಿಗೆ ಮಳಿ ಬಂತಂದ್ರ ಕೆಸರು. ನಾಳಿಯಿಂದ ನಾ ತಡಸದಾಗ ಬಿತ್ತಾಕ ಮಾತು ಕೊಟ್ಟೇನಿ. ನೀವು ಇವತ್ತ ಬಿತ್ತಬೇಕು, ಇಲ್ಲ ಈ ವರ್ಷ ಹೊಲ ಬೀಳು ಬಿಡಬೇಕು."

ಗುತ್ತೆಪ್ಪನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗಿತ್ತು. ದ್ಯಾಮಪ್ಪ ಅದನ್ನು ನೋಡಿದ. ಎಪ್ಪತ್ತು ದಾಟಿದ ಮನುಷ್ಯ, ಎತ್ತಿನ ಮನಸ್ಸು ಬಾಲದಿಂದ ತಿಳಿಯುವವನು.

"ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ಹೊಲ ನಮ್ಮಪ್ಪಂದು ಇದ್ದಾಗ ನಿಮ್ಮವ್ವ ಅಡಿವೆವ್ವ ಇಲ್ಲೇ ಬೀಜ ಬಿಟ್ಟಾಕಿ. ಆ ಕೆಲಸಕ್ಕ ಸಾಹೇಬ್ರು ನಾಚ್ಕೊಂತಾರ ಅಂತ ಮಂದಿ ಅಂತಾರ. ನಾ ಇಷ್ಟು ವರ್ಷ ಅವರ ಕೂಡ ಜಗಳಾಡೇನಿ. ಹಂಗೇನಿಲ್ಲ ಅಂತ ನೀವರೇ ಹೇಳ್ರಿ, ನನ್ನ ಜಗಳಕ್ಕರೆ ಬೆಲಿ ಬರಲಿ."

ನಾಚಿಕೆ! ಗುತ್ತೆಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಅಹಂಕಾರಿ ಎಂದಾರು ಅಂದುಕೊಂಡಿದ್ದ. ಅವ್ವನ ಕೆಲಸಕ್ಕೆ ನಾಚುತ್ತಾನೆ ಎನ್ನುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವ್ವ ಇದೇ ಹೊಲದಲ್ಲಿ ಕೂರಿಗೆಯ ಹಿಂದೆ ನಡೆಯುತ್ತಿದ್ದಳು, ಅವಳ ಹಿಂದೆ ಚಡ್ಡಿ ಹಾಕದ ಅವನು. ಬೀಜ ಅವಳ ಉಡಿಗೆ ಬೀಳುತ್ತಿದ್ದುದು ಮೇಲಿನಿಂದ. ದ್ಯಾಮಪ್ಪನ ಅಪ್ಪ ಬದುವಿನ ಮೇಲೆ ನಿಂತು, ಬುಟ್ಟಿ ಎತ್ತರಕ್ಕೆ ಹಿಡಿದು, ಕೈಗೆ ಕೈ ತಾಗದ ಹಾಗೆ ಸುರಿಯುತ್ತಿದ್ದ. ಅವ್ವ ಸೆರಗು ಅಗಲ ಮಾಡಿ ಕೆಳಗೆ ನಿಲ್ಲುತ್ತಿದ್ದಳು. ಹೊರಗೆ ಬಿದ್ದ ನಾಲ್ಕು ಕಾಳನ್ನು ಆರಿಸಿಕೊಡುವುದು ಅವನ ಕೆಲಸ. ಆ ಕಾಳು ಕೂರಿಗೆಯ ಬಟ್ಟಲಿಗೆ ಹೋದ ಮೇಲೆ ಮಾತ್ರ ಅವ್ವ ಯಾರ ಆಳೂ ಅಲ್ಲ. ಮುಷ್ಟಿಯಿಂದ ಹೆಬ್ಬೆರಳು ತುಸುವೇ ಸಡಿಲ ಮಾಡಿ ಬಿಗಿ ಮಾಡಿ, ಎತ್ತಿನ ಹೆಜ್ಜೆಗೆ ಹೊಂದಿಸಿ ಅವಳು ಬಿಡುತ್ತಿದ್ದರೆ, ಬೆಳೆದು ನಿಂತ ಪೈರನ್ನು ನೋಡಿದವರು ಇದು ಅಡಿವೆವ್ವನ ಕೈ ಎಂದು ದಾರಿಯಿಂದಲೇ ಗುರುತು ಹಿಡಿಯುತ್ತಿದ್ದರು. ಅವನಿಗೂ ಕಲಿಸಿದಳು. "ನೋಡಬ್ಯಾಡ, ಕೈಗೆ ಬಿಡು, ಅದಕ್ಕ ಗೊತ್ತೈತಿ."

ಕೈಗೆ ಗೊತ್ತಿತ್ತು. ಸವಣೂರಿನ ಹಾಸ್ಟೆಲು, ಧಾರವಾಡದ ಕಾಲೇಜು ದಾಟಿ ವಾಯುಪಡೆ ಸೇರಿ, ತಾಲೀಮಿನಲ್ಲಿ ಬಯಲಿನ ಮೇಲೆ ಸುಣ್ಣದಲ್ಲಿ ಬರೆದ ವೃತ್ತದೊಳಕ್ಕೆ ಗುತ್ತೆಪ್ಪ ಒಂದರ ಹಿಂದೊಂದು ಬಾಂಬು ಇಳಿಸಿದಾಗ, ಇದನ್ನು ಎಲ್ಲಿ ಕಲಿತೆ ಎಂದು ಮೇಲಿನ ಅಧಿಕಾರಿ ಕೇಳಿದ್ದ. ನಮ್ಮ ತಾಯಿಯ ಹತ್ತಿರ ಎಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಆಗ ಅದು ನಗುವ ಮಾತೇ ಆಗಿತ್ತು. ಎಪ್ಪತ್ತೊಂದರ ಡಿಸೆಂಬರಿನಲ್ಲಿ, ಕ್ಯಾನ್‌ಬೆರಾ ಬಾಂಬರಿನ ಮೂತಿಯ ಗಾಜಿನೊಳಗೆ ಬೋರಲಾಗಿ ಮಲಗಿ, ಗಡಿಯಾಚೆಯ ವಿಮಾನನೆಲೆಯ ಮೇಲೆ ಕಣ್ಣಿಟ್ಟಾಗ ಕೆಳಗೆ ಬೆಳುದಿಂಗಳಲ್ಲಿ ಅವನಿಗೆ ಕಂಡದ್ದು ಹೊಲ. ನೆಲೆಯ ಬೇಲಿಯ ತನಕವೂ ಹೊಲ, ಕೂರಿಗೆಯ ಹಿಂದಿನ ಸಾಲಿನ ಹಾಗೆಯೇ ಗೋದಿಯ ಸಾಲು. ಒಂದು ಹೊಲದಲ್ಲಿ ಪುಟ್ಟ ಕಂದೀಲು. ಯಾರೋ ನೀರು ಹಾಯಿಸುತ್ತಿದ್ದಿರಬೇಕು. ನೀರಿನ ಪಾಳಿ ಯುದ್ಧಕ್ಕೂ ನಿಲ್ಲುವುದಿಲ್ಲವಲ್ಲ. ಬಾಂಬುಗಳು ಎಲ್ಲಿ ಬೀಳಬೇಕಿತ್ತೋ ಅಲ್ಲಿಯೇ ಬಿದ್ದವು, ಅದರಲ್ಲಿ ಎರಡು ಮಾತಿಲ್ಲ. ಓಡುದಾರಿ ಸೀಳಿತು, ಎಣ್ಣೆಯ ಟಾಕಿ ಹೊತ್ತಿತು. ಆ ಬೆಂಕಿಯ ಬೆಳಕಿನಲ್ಲಿ ಕಂದೀಲು ಕಾಣದಾಯಿತು. ಆರಿತೋ, ಹಿಡಿದವನು ಬದುವಿನ ಹಿಂದೆ ಬಿದ್ದುಕೊಂಡನೋ, ಬೆಂಕಿಯ ಮುಂದೆ ಕಾಣದೆ ಹೋಯಿತೋ. ಆಮೇಲೆ ರಜೆಯಲ್ಲಿ ಊರಿಗೆ ಬಂದಾಗ ಅವ್ವ ದೃಷ್ಟಿ ತೆಗೆದು ಲಟಿಕೆ ಮುರಿದು, ಪದಕವನ್ನು ಸೆರಗಿನಿಂದ ಒರೆಸಿ, ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ಕೆಳಗ ಹೊಲ ಇದ್ದವೇನೋ?" ಇಲ್ಲವ್ವಾ, ಬರೇ ಕಲ್ಲು, ಎಂದಿದ್ದ. ಅವ್ವ ಅವನ ಕೈಯನ್ನು ತುಸು ಹೊತ್ತು ಹಿಡಿದುಕೊಂಡು, "ಚಲೋ ಆತು ಬಿಡು," ಎಂದಿದ್ದಳು.

"ನಾಚಿಕಿ ಅಲ್ಲೋ ದ್ಯಾಮಪ್ಪ," ಎಂದ ಗುತ್ತೆಪ್ಪ.

"ಮತ್ತ?"

"ಕೈ ನಡಗತೈತಿ. ಕಣ್ಣೂ ಕಾಣೂದಿಲ್ಲ."

"ಅಷ್ಟ ಏನು?" ಶಾಕೀರಾ ಎದ್ದು ನಿಂತು ಎಲೆಯಡಿಕೆ ಉಗುಳಿದಳು. "ನಡಗೂ ಕೈಯಿಂದಾನ ಕಾಳು ಸಡಲಾಗಿ ಬೀಳ್ತಾವ್ರಿ. ಗಟ್ಟಿ ಮುಷ್ಟಿಯಿಂದ ಏನು ಬೀಳ್ತೈತಿ, ನಮ್ಮ ಮನಿಯವರ ಕಿಸೆದಿಂದ ಬಿದ್ದಷ್ಟ! ಕಣ್ಣಿಗೆ ನಾ ಅದೇನಿ. ನಾ ಹೇಳ್ದಂಗ ಕೇಳ್ರಿ, ಸಾಕು."

ದ್ಯಾಮಪ್ಪ ಚೀಲದೊಳಗೆ ಎರಡೂ ಕೈ ಹಾಕಿ ಬೊಗಸೆ ತುಂಬಾ ಹೆಸರು ಎತ್ತಿದ. ಗುತ್ತೆಪ್ಪನ ಹೆಗಲಿನ ಟವೆಲ್ಲು ತೆಗೆದು ಶಾಕೀರಾ ಉಡಿಯ ಹಾಗೆ ಸೊಂಟಕ್ಕೆ ಕಟ್ಟಿದಳು. ಇನ್ನೇನು ಮೇಲಿನಿಂದ ಸುರಿಯುತ್ತಾನೆ ಎಂದು ಗುತ್ತೆಪ್ಪನ ಮೈ, ಅವನಿಗೆ ಗೊತ್ತಿಲ್ಲದ ಹಾಗೆ, ಅವ್ವನ ಹಾಗೆಯೇ ತುಸು ಬಾಗಿತು. ದ್ಯಾಮಪ್ಪ ಸುರಿಯಲಿಲ್ಲ. ಬೊಗಸೆಯನ್ನು ಉಡಿಯೊಳಗೆ ತಳದ ತನಕ ಇಳಿಸಿ, ಅಲ್ಲಿ ಕೈ ಬಿಡಿಸಿದ. ಆಮೇಲೆ ಒಂದು ಹಿಡಿ ತೆಗೆದು ಗುತ್ತೆಪ್ಪನ ಬಲಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿ ಮುಚ್ಚಿ, ನಡುಗುವ ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಮೇಲಿನಿಂದ ಸುರಿಯುತ್ತಿದ್ದ ತನ್ನ ಅಪ್ಪನ ನೆನಪು ಅವನಿಗೂ ಬಂದಿತ್ತೋ ಏನೋ. ಕೈ ಬಿಟ್ಟು ಎತ್ತಿನ ಕಡೆ ಹೋದ.

"ಹೋ, ನಡಿರಪ್ಪಾ ರಾಜಾಗೋಳ," ಎಂದದ್ದೇ ಕೂರಿಗೆ ಕಿರುಗುಟ್ಟಿತು. ಗುತ್ತೆಪ್ಪ ಬಟ್ಟಲಿನ ಮೇಲೆ ಕೈ ಹಿಡಿದು ನೋಡಿದ. ಬಟ್ಟಲು ಮಾಯ. ಪಕ್ಕದಲ್ಲಿ ಎತ್ತಿನ ಬಾಲ, ಶಾಕೀರಾಳ ಹಸಿರು ಸೀರೆ, ಕೆಮ್ಮಣ್ಣು. ನಡುವೆ ಆ ಮಸುಕು, ಅದರ ಅಂಚಿನಲ್ಲಿ ಆ ರಾತ್ರಿಯ ಕಂದೀಲು. ಮುಷ್ಟಿ ಬಿಗಿಯಿತು. ಒಂದು ಕಾಳೂ ಬೀಳಲಿಲ್ಲ. ಎತ್ತು ಮುಂದೆ ಹೋಗುತ್ತಿದ್ದವು, ಬರಿಯ ಸಾಲು ಹಿಂದೆ ಬೀಳುತ್ತಿತ್ತು.

"ಬಿಡ್ರಿ ಸಾಹೇಬ್ರ, ಬಿಡ್ರಿ, ಸಾಲು ಖಾಲಿ ಹೊಂಟೈತಿ!" ಎಂದಳು ಶಾಕೀರಾ. ಗಾಬರಿಯಲ್ಲಿ ಕೈ ಪೂರ್ತಿ ತೆರೆಯಿತು. ಹಿಡಿ ಕಾಳು ಒಮ್ಮೆಲೇ ದಬದಬ ಬಿತ್ತು. "ಆಹಾ, ಅಲ್ಲೊಂದು ಸಂತಿನ ಕೂಡಿಸಿದ್ರಿ. ಇರಲಿ. ಮತ್ತ ತುಂಬಿಕೋರಿ. ಬಟ್ಟಲಾ ನೋಡಬ್ಯಾಡ್ರಿ, ನನ್ನ ಮಾತು ಕೇಳ್ರಿ. ತುಸು ಎಡಕ್ಕ ಕೈ... ಇನ್ನೊಂದು ತುಸು... ಹಾಂ. ಈಗ ಸಣ್ಣಗ ಬಿಡ್ರಿ. ಸಣ್ಣಗ."

ತುಸು ಎಡಕ್ಕೆ. ಇನ್ನೊಂದು ತುಸು. ಹಾಂ, ಹಾಗೇ. ಈ ಮಾತನ್ನು ಗುತ್ತೆಪ್ಪ ಕೇಳಿದ್ದ. ಅಲ್ಲ, ಹೇಳಿದ್ದ. ಟಾಕಿ ಹೊತ್ತಿದ ಮೇಲೆ ನೆಲದಿಂದ ಗುಂಡು ಬಂದು ವಿಮಾನದ ಮೇಲ್ಗಾಜು ಒಡೆದು, ಪೈಲಟ್ ಗ್ರೇವಾಲನ ಮುಖದ ತುಂಬಾ ಚೂರು ಹೊಕ್ಕಿದ್ದವು. ಕಣ್ಣೊಳಗೆ ರಕ್ತ. ಆ ವಿಮಾನದಲ್ಲಿ ಪೈಲಟ್ಟಿಗೆ ಮಾತ್ರ ಹೊರಕ್ಕೆ ಎಸೆಯುವ ಕುರ್ಚಿ, ದಾರಿ ತೋರಿ ಬಾಂಬು ಬಿಡುವ ಗುತ್ತೆಪ್ಪನಂಥವನು ಬಾಗಿಲು ತೆಗೆದು ತಾನೇ ಜಿಗಿಯಬೇಕು. "ನೀನು ಜಿಗಿ, ಆಮೇಲೆ ನಾನು," ಎಂದ ಗ್ರೇವಾಲ್. ಗುತ್ತೆಪ್ಪ ಮೂತಿಯಿಂದ ತೆವಳಿ ಬಂದು ಅವನ ಮೊಣಕಾಲಿನ ಬಳಿ ಮಂಡಿಯೂರಿ ಕೂತು, ವಿಮಾನದ ಮಾಪಕಗಳ ಮುಳ್ಳುಗಳನ್ನು ಓದತೊಡಗಿದ. ಎತ್ತರ ಇಷ್ಟು, ವೇಗ ಇಷ್ಟು, ತುಸು ಎಡಕ್ಕೆ, ಮೂಗು ತುಸು ಮೇಲೆ, ಹಾಂ, ಹಾಗೇ. ಗಡಿ ದಾಟಿ, ನಮ್ಮ ನೆಲೆಯ ದೀಪ ಕಂಡು, ಗಾಲಿ ನೆಲಕ್ಕೆ ತಾಗುವ ತನಕ ಅವನ ಬಾಯಿ ನಿಲ್ಲಲಿಲ್ಲ. ಕೊಟ್ಟ ಪದಕ ಆ ಬಾಯಿಗೆ. ಸಮಾರಂಭಗಳಲ್ಲಿ ಜನ ಶತ್ರುವಿನ ಮೇಲೆ ಬೆಂಕಿಯ ಮಳೆ ಸುರಿಸಿದರು ಎಂದು ಹೇಳಿ ಹೇಳಿ, ಪದಕ ಬಾಂಬು ಬಿಟ್ಟ ಕೈಗೆ ಬಂದದ್ದು ಎಂದು ಅವನೇ ನಂಬಿಬಿಟ್ಟಿದ್ದ.

ಇನ್ನೂ ಒಂದು ಸಂಗತಿ ಈಗ, ಹೆಂಟೆ ಎಡವುತ್ತ, ಮೊದಲ ಸಲ ಅವನಿಗೆ ತಿಳಿಯಿತು. ದಾರಿ ಹೇಳುವುದು ಸುಲಭ, ಹೇಳುವವನಿಗೆ ಮುಳ್ಳುಗಳು ಕಾಣುತ್ತಿರುತ್ತವೆ. ಏನೂ ಕಾಣದೆ, ಪಕ್ಕದಲ್ಲಿನ ದನಿಯೊಂದನ್ನೇ ನಂಬಿ ಕೈ ಆಡಿಸುವುದು ಇದೆಯಲ್ಲ, ಧೈರ್ಯ ಅದು. ಗ್ರೇವಾಲ್ ಒಂದು ಸಲವೂ, ಖರೇನಾ ಎಂದು ಕೇಳಿರಲಿಲ್ಲ. ಇಳಿದ ಮೇಲೆ ಗುತ್ತೆಪ್ಪನ ಕೈ ತಡವಿ ಹುಡುಕಿ ಹಿಡಿದು, "ನನಗೆ ಬದುಕು ಕೊಟ್ಟ ಕೈ," ಎಂದಿದ್ದ. ಆ ಮಾತನ್ನು ಗುತ್ತೆಪ್ಪ ಇಷ್ಟು ವರ್ಷ ಎಲ್ಲಿ ಇಟ್ಟು ಮರೆತಿದ್ದ? ಕಂದೀಲನ್ನು ದಿನಾ ಎತ್ತಿ ನೋಡಿದವನು ಇದನ್ನು ಒಂದು ದಿನವೂ ಎತ್ತಿ ನೋಡಲಿಲ್ಲವಲ್ಲ.

"ಸಣ್ಣಗ... ಹಾಂ... ಎತ್ತಿನ ಹೆಜ್ಜಿ ಕೇಳ್ರಿ... ಅದರ ಕೂಡ ಬಿಡ್ರಿ," ಶಾಕೀರಾ ಹೇಳುತ್ತಲೇ ಇದ್ದಳು. ಅವನು ಕಣ್ಣು ಮುಚ್ಚಿದ. ಗೆಜ್ಜೆ, ಹೆಜ್ಜೆ, ಕೊಳವೆಯೊಳಗೆ ಕಾಳು ಇಳಿಯುವ ಸರಸರ. ಹೆಬ್ಬೆರಳು ಸಡಿಲಾಯಿತು, ಬಿಗಿಯಾಯಿತು, ಸಡಿಲಾಯಿತು. ನಡುಕ ಹೋಗಲಿಲ್ಲ. ಆದರೆ ನಡುಕಕ್ಕೂ ಒಂದು ಲಯ ಸಿಕ್ಕಿತು. ಶಾಕೀರಾ ಯಾವಾಗ ಸುಮ್ಮನಾದಳೋ ಅವನಿಗೆ ತಿಳಿಯಲಿಲ್ಲ.

ಆ ಕಡೆಯ ಬದು ಬಂದು ಎತ್ತು ನಿಂತವು. ದ್ಯಾಮಪ್ಪ ಹಿಂದಿರುಗಿ ಸಾಲು ನೋಡಿದ. "ಮೊದಲಿಗೆ ಬೋಳು. ಆಮ್ಯಾಲೆ ಒಂದು ಗುಡ್ಡಿ. ನಡುವಿಂದ ಮಾತ್ರ..." ಎಂದು ನಿಲ್ಲಿಸಿ, ಟೋಪಿ ತೆಗೆದು ತಲೆ ಕೆರೆದುಕೊಂಡ. "ಶಾಕೀರಾ, ನೀ ಏನಂತೀ?"

"ನನ್ನ ಹೊಟ್ಟಿ ಮ್ಯಾಲೆ ಹೊಡ್ಯಾಕ ಹತ್ಯಾರ ಅಂತೇನಿ," ಎಂದಳು ಶಾಕೀರಾ. "ಕೊಡ್ರಿ ಉಡಿ, ಇನ್ನ ನಂದು."

ಗುತ್ತೆಪ್ಪ ಟವೆಲ್ಲಿನ ಗಂಟಿಗೆ ಕೈ ಹಾಕಿದ. ಬಿಚ್ಚಲಿಲ್ಲ. "ಇನ್ನೊಂದು ಸಾಲು ಬಿಡ್ತೇನಿ," ಎಂದ. ಕೇಳಿಕೊಳ್ಳುವ ಹುಡುಗನ ದನಿ ಇತ್ತು ಅದರಲ್ಲಿ.

ವಿದ್ಯಾ ಬಂದು ಮುಟ್ಟಿದಾಗ ಸೂರ್ಯ ನೆತ್ತಿ ದಾಟಿದ್ದ. ಹೊಲ ಮುಗಿಯುತ್ತ ಬಂದಿತ್ತು. ಶಾಕೀರಾ ಕೂರಿಗೆಯ ಹಿಂದೆ ಇದ್ದಳು. ಅಪ್ಪ ಬದುವಿನ ಮೇಲೆ ಕಾಲು ಚಾಚಿ ಕೂತು ರೊಟ್ಟಿ ತಿನ್ನುತ್ತಿದ್ದ, ಮಣ್ಣಿನ ಕೈಯಲ್ಲಿಯೇ. ಅವಳು ಏನೂ ಕೇಳಲಿಲ್ಲ. ಸಾವಕ್ಕನ ಮಗಳಲ್ಲವೇ. ಪಕ್ಕದಲ್ಲಿ ಕೂತು ಅವನ ಗಂಗಾಳದಿಂದಲೇ ಒಂದು ತುತ್ತು ಮುರಿದುಕೊಂಡಳು.

ಸಂಜೆಗೆ ಮಳೆ ಬಂತು, ಹದವಾಗಿ. ವಾರ ತುಂಬುವುದರೊಳಗೆ ಹೆಸರು ಹುಟ್ಟಿದೆ ಎಂದು ದ್ಯಾಮಪ್ಪ ತಡಸದಿಂದ ಬರುವ ದಾರಿಯಲ್ಲೇ ನೋಡಿ ಬಂದು ಹೇಳಿದ. ಭಾನುವಾರ ಬೆಳಿಗ್ಗೆ ಗುತ್ತೆಪ್ಪ ವಿದ್ಯಾಳ ಹೆಗಲು ಹಿಡಿದು ಹೊಲಕ್ಕೆ ಹೋದ. ನಿಂತು ನೋಡಿದ. ಎಡಕ್ಕೂ ಬಲಕ್ಕೂ ಹಸಿರಿನ ಗೆರೆಗಳು ಅಂಚಂಚಿಗೆ ಕಾಣುತ್ತಿದ್ದವು. ತನ್ನ ಸಾಲು ಮಾತ್ರ, ನೋಡಿದಲ್ಲಿ ನೋಡಿದಲ್ಲಿ ಮಸುಕಿನೊಳಗೆ ಹೋಗಿಬಿಡುತ್ತಿತ್ತು. ಬಗ್ಗಿದ, ಕಾಣಲಿಲ್ಲ. ಮಂಡಿಯೂರಿದ, ಕಾಣಲಿಲ್ಲ. ಅವನು ಆಮೇಲೆ ಇಸ್ತ್ರಿಯ ಅಂಗಿಯ ಸಮೇತ ಹಸಿ ಮಣ್ಣಿನ ಮೇಲೆ, ಸಾಲುಗಳ ನಡುವೆ, ಬೋರಲಾಗಿ ಮಲಗಿ ಗದ್ದವನ್ನು ಕೈಯ ಮೇಲಿಟ್ಟ.

"ಅಯ್ಯಯ್ಯ, ಸಾಹೇಬ್ರು ಬಿದ್ರು!" ಎಂದು ಪಕ್ಕದ ಹೊಲದಿಂದ ದ್ಯಾಮಪ್ಪ ಓಡಿ ಬಂದ.

"ಬಿದ್ದಿಲ್ಲೋ ಮಾರಾಯಾ, ನೋಡಾಕತ್ತೇನಿ," ಎಂದ ಗುತ್ತೆಪ್ಪ.

ಮುಖವನ್ನು ತುಸು ಓರೆ ಮಾಡಿದ. ಮೂಗಿನಿಂದ ಒಂದು ಗೇಣಿನಲ್ಲಿ, ಮಸುಕಿನ ಪಕ್ಕದಲ್ಲಿ, ಎರಡು ಎಲೆಯ ಒಂದು ಮೊಳಕೆ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತು ನಿಂತಿತ್ತು. ಅದರಾಚೆ ಇನ್ನೊಂದು. ಅದರಾಚೆ, ಕೈ ಗಾಬರಿಯಾದ ಜಾಗದಲ್ಲಿ, ಸಂತೆಯೇ ನೆರೆದಿತ್ತು, ಒಂದನ್ನೊಂದು ನೂಕುತ್ತ, ಎಲ್ಲವೂ ಬದುಕಿ. ಇಷ್ಟು ಕೆಳಗಿನಿಂದ ಅವನು ಯಾವತ್ತೂ ನೋಡಿರಲಿಲ್ಲ. ಮಣ್ಣಿನ ತಂಪು ಎದೆಗೆ ಏರುತ್ತಿತ್ತು. ಅವ್ವ ತಲೆಯ ಹತ್ತಿರ ನಿಂತು ಕೇಳಿದ ಹಾಗಾಯಿತು, ಆ ಒಂದೇ ಪ್ರಶ್ನೆ, ಕೆಳಗ ಹೊಲ ಇದ್ದವೇನೋ ಎಂದು.

"ಅದಾವ ಬೇ," ಎಂದ ಗುತ್ತೆಪ್ಪ, ಮೊಳಕೆಗಷ್ಟೇ ಕೇಳಿಸುವಷ್ಟು ಮೆಲ್ಲಗೆ. "ಹೊಲಾನ ಅದಾವ."